ಹಳೆಯ ಗಣಕಯಂತ್ರವೂ ಮುಕ್ತ ತಂತ್ರಾಂಶವೂ

ಗಣಕಯಂತ್ರವೊಂದು ಹಳೆಯದಾಯಿತೆನ್ನುವುದು ಯಾವಾಗ? ಅದರ ಬಿಡಿಭಾಗಗಳು ಸವೆದಾಗಲೋ, ಅದಕ್ಕೆ ತಕ್ಕ ತಂತ್ರಾಂಶವನ್ನು ನೋಡಿಕೊಳ್ಳುವವರು ಇಲ್ಲವಾದಾಗಲೋ? ಈ ಪ್ರಶ್ನೆ ನನಗೆ ಎದುರಾದುದು ಗ್ರಂಥದಲ್ಲಲ್ಲ, ಶೆಟ್ಟಿಕೆರೆಯ ನಮ್ಮ ಮನೆಯಲ್ಲಿ. ನಾನು ಬಿ.ಎ. ತರಗತಿಗೆ ಸೇರಿದ ವರ್ಷ, ಕೊಬ್ಬರಿ ಮಾರಿ ಬಂದ ಹಣದಲ್ಲಿ ತಂದೆಯವರು ಪೆಂಟಿಯಮ್ ೪ ಪ್ರೊಸೆಸರಿನ, ೩೨ ಬಿಟ್‌ನ ಹಳೆಯ ಯಂತ್ರವೊಂದನ್ನು ಕೊಂಡು ತಂದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ಯಂತ್ರವೂ ನಮ್ಮ ಮನೆಗೆ ಮೊದಲನೆಯದು. ಹೊಸ ವಿಂಡೋಸ್ ಅದರಲ್ಲಿ ನಡೆಯದಾದುದರಿಂದ, ಸಹಪಾಠಿಯೊಬ್ಬನ ನೆರವಿನಿಂದ ಡೆಬಿಯನ್ ೧೨ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಕೊಂಡೆ. ಈ ಲೇಖನವನ್ನು ಬೆರಳಚ್ಚು ಮಾಡಿದ್ದೂ ಅದರಲ್ಲಿಯೇ.

ಲಿನಕ್ಸ್ ಮುಕ್ತ ತಂತ್ರಾಂಶ. ಅದರ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅಂದಮೇಲೆ ಯಾವ ಹಳೆಯ ಯಂತ್ರಕ್ಕೂ ಅದರಲ್ಲಿ ಶಾಶ್ವತವಾದ ಎಡೆಯುಂಟೆಂದು ನಾನು ನಂಬಿದ್ದೆ. ಅದರ ಚರಿತ್ರೆಯನ್ನು ಓದಿದಾಗ ಈ ನಂಬಿಕೆ ಸಡಿಲವಾಯಿತು.

೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಬರೆದದ್ದು ಇಂಟೆಲ್ ೩೮೬ ಪ್ರೊಸೆಸರಿನ ಯಂತ್ರದ ಮೇಲೆ. ೨೦೧೨ರ ಡಿಸೆಂಬರಿನಲ್ಲಿ ಅದೇ ೩೮೬ರ ಬೆಂಬಲವನ್ನು ತೆಗೆದುಹಾಕಲು ಅವರೇ ಒಪ್ಪಿದರು. ೨೦೧೩ರಲ್ಲಿ ಹೊರಬಂದ ೩.೮ನೆಯ ಆವೃತ್ತಿ ತಾನು ಹುಟ್ಟಿದ ತೊಟ್ಟಿಲಿಗೇ ಹೊರಗಿನದಾಯಿತು.

ಕಾರಣವನ್ನು ಹೀಗೆ ತಿಳಿಯಬಹುದು. ಮಂಡಿಯೊಂದರಲ್ಲಿ ಇಬ್ಬರು ಗುಮಾಸ್ತರು ಒಂದೇ ಲೆಕ್ಕದ ಪುಸ್ತಕ ಬರೆಯುತ್ತಾರೆನ್ನಿ. ಒಬ್ಬನು ಬಾಕಿಯನ್ನು ನೋಡಿ ಹೊಸ ಮೊತ್ತ ಬರೆಯುವಷ್ಟರಲ್ಲಿ ಇನ್ನೊಬ್ಬನು ಅದನ್ನು ತಿದ್ದಿದರೆ ಲೆಕ್ಕ ಕೆಡುತ್ತದೆ. ನೋಡಿ, ಹೋಲಿಸಿ, ಬದಲಿಸುವ ಕೆಲಸವನ್ನು ಒಂದೇ ಆಜ್ಞೆಯಲ್ಲಿ ಮುಗಿಸುವ ಶಕ್ತಿ ೧೯೮೯ರ ೪೮೬ಕ್ಕೆ ಇತ್ತು. ೧೯೮೫ರ ೩೮೬ಕ್ಕೆ ಇರಲಿಲ್ಲ. ಆದುದರಿಂದ ೩೮೬ಕ್ಕಾಗಿ ಬೇರೆ ಬಳಸುದಾರಿಯನ್ನು ಬರೆದಿಡಬೇಕಾಗಿತ್ತು. ಆ ಭಾಗವನ್ನು ಬದಲಾಯಿಸಿದಾಗಲೆಲ್ಲ ಈ ದಾರಿಯನ್ನೂ ದುರಸ್ತಿ ಮಾಡಬೇಕಾಗಿತ್ತು. ೨೦೨೫ರಲ್ಲಿ ೪೮೬ನ್ನೂ ಕೈಬಿಡುವ ಸಲಹೆ ಬಂದಿತು.

ಹಾಗಾದರೆ ವಯಸ್ಸೇ ಕಾರಣವೆ? ಅಲ್ಲ. ೧೯೭೯ರಲ್ಲಿ ಮೊದಲಾದ ಮೊಟೊರೋಲಾ ೬೮೦೦೦ ಕುಲದ ಪ್ರೊಸೆಸರುಗಳಿಗೆ ಲಿನಕ್ಸಿನಲ್ಲಿ ಇಂದಿಗೂ ಸ್ಥಾನವಿದೆ. ಅಮಿಗಾ, ಅಟಾರಿಗಳಂತಹ ಹಳೆಯ ಯಂತ್ರಗಳನ್ನು ಇಟ್ಟುಕೊಂಡಿರುವ ಕೆಲವರು ಹೊಸ ಆವೃತ್ತಿಗಳನ್ನು ಅವುಗಳ ಮೇಲೆ ಪರೀಕ್ಷಿಸಿ, ದೋಷ ಕಂಡರೆ ತಿದ್ದಿ ಕಳುಹಿಸುತ್ತಾರೆ. ಕಾಪಾಡಿದ್ದು ಅವರ ಶ್ರಮ.

ಈಗ ನನ್ನ ಯಂತ್ರದ ಸರದಿ. ೨೦೨೫ರ ಆಗಸ್ಟಿನಲ್ಲಿ ಬಂದ ಡೆಬಿಯನ್ ೧೩ರಲ್ಲಿ ಇಂತಹ ೩೨ ಬಿಟ್‌ನ ಪಿ.ಸಿ.ಗಳಿಗೆ ಕರ್ನಲ್ಲೂ ಇಲ್ಲ, ಸ್ಥಾಪನೆಯ ಸಾಧನವೂ ಇಲ್ಲ. ಡೆಬಿಯನ್ ೧೨ರ ದೀರ್ಘಾವಧಿ ಬೆಂಬಲ ೨೦೨೮ರ ಜೂನ್ ತಿಂಗಳಿಗೆ ಮುಗಿಯುತ್ತದೆ.

ತಂದೆಯವರಿಗೆ ಇದನ್ನು ವಿವರಿಸಿದೆ. ತೋಟದಲ್ಲಿ ಅಜ್ಜನ ಕಾಲದ ತೆಂಗಿನ ಮರಗಳನ್ನು ತೋರಿಸಿ ಅವರೆಂದರು: “ಕಾಯಿ ಬಿಡ್ತಾವೆ ಮಗಾ, ಹತ್ತೋರೇ ಸಿಕ್ಕಲ್ಲ. ಹತ್ತೋನು ಇದ್ರೆ ತಾನೇ ಮರ ನಮ್ದು?”

ಮುಕ್ತ ತಂತ್ರಾಂಶವು ನಮಗೆ ಕೊಡುವುದು ಮರ ಹತ್ತುವ ಹಕ್ಕನ್ನು, ಹತ್ತುವವನನ್ನಲ್ಲ. ಕಲಾ ವಿಭಾಗದ ನನಗೆ ಕರ್ನಲ್ ಬರೆಯಲು ಬಾರದು. ಆದರೆ ಯಂತ್ರವನ್ನು ನಡೆಸಿ ನೋಡಿ, ಎಲ್ಲಿ ಏನು ನಿಂತಿತೆಂದು ಸ್ಪಷ್ಟವಾಗಿ ಬರೆದು ತಿಳಿಸಬಲ್ಲೆ. ಅಷ್ಟನ್ನು ಈ ವರ್ಷ ಆರಂಭಿಸಿದ್ದೇನೆ. ಮನೆಯ ಮೂಲೆಯಲ್ಲಿ ಹಳೆಯ ಯಂತ್ರವಿರುವ ಸಹಪಾಠಿಗಳು ಜೊತೆಗೂಡಿದರೆ ನನಗೆ ಸಂತೋಷ.