ಗಾಬರಿಯ ಪ್ರಾಕ್ಟಿಕಲ್ ರೆಕಾರ್ಡ್

ಶಿರಾಡಿ ಘಾಟಿಯಲ್ಲಿ ಬಸ್ಸು ನಿಂತಿತೆಂದರೆ ಮತ್ತೆ ಯಾವಾಗ ಹೊರಡುತ್ತದೆ ಎನ್ನುವುದು ಡ್ರೈವರಿಗೂ ಗೊತ್ತಿರುವುದಿಲ್ಲ. ಮುಂದೆಲ್ಲೋ ಟ್ಯಾಂಕರ್ ಕೆಟ್ಟು ನಿಂತಿರುತ್ತದೆ, ಇಲ್ಲವೆ ಗುಡ್ಡ ಜರಿದಿರುತ್ತದೆ. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಕಾಡು, ಅದರ ಕೆಳಗೆಲ್ಲೋ ಹೊಳೆಯ ಸದ್ದು. ಫೋನಿಗೆ ಸಿಗ್ನಲ್ ಇಲ್ಲ. ಮಗಳನ್ನು ಮಂಗಳೂರಿನ ಹಾಸ್ಟೆಲಿಗೆ ಸೇರಿಸಿ ಹಾಸನಕ್ಕೆ ವಾಪಸಾಗುತ್ತಿದ್ದ ಒಂದು ಮಳೆಗಾಲದ ಸಂಜೆ, ಹಾಗೆ ನಿಂತ ಬಸ್ಸಿನಲ್ಲಿ ಕೂತಿದ್ದಾಗ ನಾನು ಸಾಯುತ್ತಿದ್ದೇನೆ ಅನ್ನಿಸಿತು. ಮಾತಿಗೆ ಹೇಳುತ್ತಿಲ್ಲ. ಎದೆ ಡವಗುಟ್ಟಿತು, ಬೆರಳ ತುದಿ ಜುಮುಜುಮು ಅಂದವು, ಎಷ್ಟು ಉಸಿರೆಳೆದರೂ ಸಾಲದು. ಅಪ್ಪ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 48. ನನಗೆ 47 ತುಂಬಿತ್ತು. ಲೆಕ್ಕ ಸರಿಯಾಗೇ ಇದೆ ಅಂದುಕೊಂಡೆ.

ಸಾಯಲಿಲ್ಲ. ಇಸಿಜಿ ಸರಿ ಇತ್ತು. ‘ಗ್ಯಾಸ್ ಇರಬೇಕು’ ಅಂದರು. ನಮ್ಮಲ್ಲಿ ಗಂಟಲಿಗೂ ಹೊಕ್ಕುಳಿಗೂ ನಡುವೆ ಏನಾದರೂ ಅದಕ್ಕೆ ಮೊದಲು ಇಡುವ ಹೆಸರು ಗ್ಯಾಸ್. ಆಮೇಲೆ ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ಥೈರಾಯ್ಡ್ ಎಲ್ಲ ಆಯಿತು. ಈ ಪರೀಕ್ಷೆಗಳು ಬೇಕಿದ್ದವೇ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೆ ಹೊಡೆದುಕೊಳ್ಳುವುದುಂಟು. ತಪ್ಪಿದ್ದು ಎಲ್ಲಿ ಅಂದರೆ, ಎಲ್ಲ ಸರಿ ಇದೆ ಎಂಬ ವರದಿ ಬಂದ ಮೇಲೂ ನಾನು ಮೂರು ಸಲ ಮತ್ತೆ ಇಸಿಜಿ ಮಾಡಿಸಿದೆ. ಅತ್ತೆ ‘ಯಾರ ಕಣ್ಣು ಬಿತ್ತೋ’ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ, ಹಾಗಾಗಿ ದೃಷ್ಟಿಯೇ ಆಗಿದೆ ಎಂದು ತೀರ್ಮಾನವಾಯಿತು.

ಒಂದು ವರ್ಷದಲ್ಲಿ ನನ್ನ ಭೂಪಟ ಚಿಕ್ಕದಾಗುತ್ತಾ ಹೋಯಿತು. ಮೊದಲು ಘಾಟಿ ಬಿಟ್ಟೆ, ಆಮೇಲೆ ದೂರದ ಬಸ್ಸು, ಆಮೇಲೆ ಕಾಲೇಜಿನ ಸಭಾಂಗಣದಲ್ಲಿ ನಡುವಿನ ಸಾಲು, ದೇವಸ್ಥಾನದ ಕ್ಯೂ. ಬ್ಯಾಗಿನಲ್ಲಿ ಸದಾ ನೀರಿನ ಬಾಟಲಿ, ಪೆಪ್ಪರ್‌ಮೆಂಟು, ಪಕ್ಕದ ಮನೆಯ ಅಜ್ಜನಿಂದ ಇಸಕೊಂಡ ನಾಲಗೆ ಕೆಳಗಿಡುವ ಮಾತ್ರೆ. ಮಗಳನ್ನು ನೋಡಲು ಒಮ್ಮೆಯೂ ಹೋಗಲಿಲ್ಲ. ‘ಪೇಪರ್ ವ್ಯಾಲ್ಯುಯೇಷನ್ ಇದೆ ಕಣೇ’ ಅನ್ನುತ್ತಿದ್ದೆ. ಆಗಸ್ಟಿನಲ್ಲಿ ಯಾವ ವ್ಯಾಲ್ಯುಯೇಷನ್ನು ಅಂತ ಅವಳು ಕೇಳಲಿಲ್ಲ.

ಕೊನೆಗೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋದೆ. ತಲೆ ತುಂಬ ಸೆರಗು ಹೊದ್ದು ಕ್ಯೂನಲ್ಲಿ ನಿಂತಿದ್ದರೆ, ಮುಂದೆ ನಮ್ಮ ಕಾಲೇಜಿನ ಹುಡುಗನೊಬ್ಬನ ಅಪ್ಪ. ಇಬ್ಬರೂ ಗೋಡೆಯ ಮೇಲಿನ ಡೆಂಗೆ ಪೋಸ್ಟರನ್ನು ಬಹಳ ಆಸಕ್ತಿಯಿಂದ ಓದಿದೆವು. ಒಳಗೆ ವೈದ್ಯರು ಏಳು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಆತಂಕವಾಯಿತು, ಎಷ್ಟು ದಿನ ಚಿಂತೆ ತಡೆಯಲಾಗಲಿಲ್ಲ, ಇಂಥವು. ಒಟ್ಟು 21ಕ್ಕೆ ನನಗೆ 16. 15 ಮುಟ್ಟಿದರೆ ತೀವ್ರ. ಜೀವಮಾನದಲ್ಲಿ ಮೊದಲ ಸಲ ಹೆಚ್ಚು ಅಂಕ ಬಂದದ್ದಕ್ಕೆ ಬೇಜಾರಾಯಿತು. ಬಸ್ಸಿನಲ್ಲಿ ಆದದ್ದು ಪ್ಯಾನಿಕ್ ಅಟ್ಯಾಕ್ ಅಂದರು. ಒಂದು ಮಾತ್ರೆ ಬರೆದು, ಅದು ಕೆಲಸ ಮಾಡಲು ಕೆಲವು ವಾರ ಬೇಕು, ಶುರುವಿನಲ್ಲಿ ತಳಮಳ ಸ್ವಲ್ಪ ಹೆಚ್ಚಾಗಲೂಬಹುದು, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಎಂದು ಹೇಳಿದರು. ಹೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನಾಲ್ಕನೇ ದಿನಕ್ಕೇ ಮಾತ್ರೆ ಕಸದ ಬುಟ್ಟಿಗೆ ಹೋಗುತ್ತಿತ್ತು. ಜೊತೆಗೆ ಥೆರಪಿಯೂ ಬೇಕು ಅಂದರು. ಎಲ್ಲರಿಗೂ ಎರಡೂ ಬೇಕಾಗುವುದಿಲ್ಲವಂತೆ, ನನಗೆ ಬೇಕಾಯಿತು.

‘ಮಾತಾಡಿದ್ರೆ ಎದೆಬಡಿತ ಕಮ್ಮಿ ಆಗುತ್ತಾ?’ ಅಂತ ನಮ್ಮ ಯಜಮಾನರು ಕೇಳಿದರು. ನನಗೂ ಅದೇ ಅನುಮಾನ.

ಮೊದಲು ಸಿಕ್ಕ ಸಲಹೆಗಾರರ ಬಳಿ ಎರಡು ಸಲ ಹೋದೆ. ಮುಕ್ಕಾಲು ಗಂಟೆಯಲ್ಲಿ ನಲವತ್ತು ನಿಮಿಷ ಅವರೇ ಮಾತಾಡಿದರು. ‘ನಿಮಗೇನು ಮೇಡಂ ಕಮ್ಮಿ? ಕೆಲಸ ಇದೆ, ಮನೆ ಇದೆ. ಪಾಸಿಟಿವ್ ಆಗಿ ಯೋಚನೆ ಮಾಡಿ.’ ಇದನ್ನು ನಮ್ಮ ಅಕ್ಕ ದುಡ್ಡಿಲ್ಲದೆ ಹೇಳುತ್ತಾಳೆ. ಕೌನ್ಸೆಲರ್ ಅಂತ ಬೋರ್ಡು ಯಾರು ಯಾರೋ ಹಾಕಿಕೊಂಡಿರುತ್ತಾರೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ‘ನೀವು ಏನು ಓದಿದ್ದೀರಿ, ನನ್ನಂಥವರಿಗೆ ಯಾವ ವಿಧಾನದಲ್ಲಿ ಚಿಕಿತ್ಸೆ ಕೊಡುತ್ತೀರಿ’ ಎಂದು ಕೇಳುವುದರಲ್ಲಿ ಸೊಕ್ಕೇನೂ ಇಲ್ಲ. ಸೀರೆ ಕೊಳ್ಳುವಾಗ ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತೇವೆ.

ಎರಡನೆಯವರು ಬೆಂಗಳೂರಿನಲ್ಲಿದ್ದ ಹುಡುಗಿ. ಹುಡುಗಿ ಅನ್ನಬಾರದು, ಆದರೆ ನನ್ನ ಹಳೆಯ ವಿದ್ಯಾರ್ಥಿಗಳಿಗಿಂತ ಚಿಕ್ಕವಳಂತೆ ಕಾಣುತ್ತಿದ್ದಳು. ನಾನು ‘ಮೇಡಂ’ ಅಂದರೆ ಅವರೂ ‘ಹೇಳಿ ಮೇಡಂ’ ಅನ್ನುತ್ತಿದ್ದರು. ವಾರಕ್ಕೊಮ್ಮೆ 50 ನಿಮಿಷ, ವಿಡಿಯೋ ಕಾಲಿನಲ್ಲಿ, 1,200 ರೂಪಾಯಿ. ಸುಮಾರು 12ರಿಂದ 16 ವಾರ ಎಂದು ಮೊದಲೇ ಹೇಳಿದರು. ಮನೆಯಲ್ಲಿ ಗೋಡೆಗೂ ಕಿವಿ, ಅತ್ತೆಗೂ ಕಿವಿ. ಹಾಗಾಗಿ ಮನೆ ಮುಂದೆ ನಿಂತ ಕಾರಿನೊಳಗೆ ಕೂತು, ಸ್ಟಿಯರಿಂಗಿಗೆ ಫೋನ್ ಒರಗಿಸಿ ಮಾತಾಡುತ್ತಿದ್ದೆ. ಹಾಲಿನವನು ಎರಡು ಸಲ ಗಾಜು ತಟ್ಟಿ ‘ಗಾಡಿ ಸ್ಟಾರ್ಟ್ ಆಗ್ತಿಲ್ವಾ ಮೇಡಂ’ ಅಂದ.

ಮೊದಲ ದಿನ ಎಲ್ಲ ಹೇಳಿಕೊಂಡರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ. ತಲೆನೋವು ಬಂತು. ಸಮಾಧಾನದ ಮಾತು ಕಡಿಮೆ, ಪ್ರಶ್ನೆ ಹೆಚ್ಚು. ಯಾವ ಸೀಟು, ಎಷ್ಟು ಹೊತ್ತು, ಮೊದಲು ಎದೆಯೋ ಉಸಿರೋ, ಆ ಕ್ಷಣ ತಲೆಯಲ್ಲಿ ಬಂದ ವಾಕ್ಯ ಯಾವುದು. ನಾನೇ ಮುಂದಾಗಿ ಅಪ್ಪನ ವಿಷಯ ತೆಗೆದೆ. ಸಿನಿಮಾದಲ್ಲಿ ನೋಡಿದ್ದೆನಲ್ಲ, ಹಳೆಯ ಗಾಯ ನೆನಪಾದ ಕೂಡಲೇ ನಾಯಕಿ ಅತ್ತು ಗುಣವಾಗುತ್ತಾಳೆ. ಅವರು ಕೇಳಿಸಿಕೊಂಡರು, ನಾನು ಅಳು ಮುಗಿಸುವ ತನಕ ಕಾದರು, ಆಮೇಲೆ ಕೇಳಿದರು: ‘ಇದು ನಿಮಗೆ ಇವತ್ತು ಗೊತ್ತಾಯಿತಾ?’ ಇಲ್ಲ, ಬಸ್ಸಿನಲ್ಲೇ ಗೊತ್ತಿತ್ತು. ಕಾರಣ ಗೊತ್ತಿದ್ದೂ ಭಯ ಒಂದು ಅಂಗುಲ ಹಿಂದೆ ಸರಿದಿರಲಿಲ್ಲ. ಬೆಂಕಿ ಹೇಗೆ ಹತ್ತಿತು ಎನ್ನುವುದಕ್ಕಿಂತ ಈಗ ಅದಕ್ಕೆ ಸೌದೆ ಹಾಕುತ್ತಿರುವವರು ಯಾರು ಎನ್ನುವುದರ ಬಗ್ಗೆಯೇ ಅವರಿಗೆ ಕುತೂಹಲ. ಹಾಕುತ್ತಿದ್ದವಳು ನಾನೇ.

ಎರಡನೇ ವಾರ ಅವರು ಬಿಡಿಸಿದ ಚಿತ್ರ ಕಂಡು ನಗು ಬಂತು. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ, ‘ಹಾರ್ಟ್ ಅಟ್ಯಾಕ್’ ಎಂದು ಮನಸ್ಸು ಓದಿಕೊಳ್ಳುತ್ತದೆ, ಹೆದರಿಕೆಗೆ ಎದೆ ಇನ್ನೂ ಜೋರಾಗುತ್ತದೆ, ಅದೇ ಸಾಕ್ಷಿಯಾಗುತ್ತದೆ. ಕಾಲೇಜು ವಾರ್ಷಿಕೋತ್ಸವದಲ್ಲಿ ಹುಡುಗರು ಮೈಕನ್ನು ಸ್ಪೀಕರಿನ ಮುಂದೆ ಹಿಡಿದಾಗ ಕುಂಯ್ಯೆಂದು ಕಿವಿ ಹರಿಯುವ ಸದ್ದು ಬರುತ್ತದಲ್ಲ, ಅದೇ! ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಸ್ಪೀಕರಿಗೆ. ಫೀಡ್‌ಬ್ಯಾಕ್. ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುತ್ತಿದ್ದೆ, ನನ್ನ ಎದೆಯೊಳಗೇ ಆಗುತ್ತಿದ್ದದ್ದು ಹೊಳೆದಿರಲಿಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್ಕಿನ ಈ ಸುತ್ತನ್ನು ವಿವರಿಸಿದ್ದಂತೆ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯಲು ತೊಡಗುತ್ತದೆ ಎಂದೂ ಮೇಡಂ ಹೇಳಿದರು. ನನಗೆ ಇದು ಗೊತ್ತಾಗಲು ಅವಕಾಶವೇ ಇರಲಿಲ್ಲ. ನಾನು ಪ್ರತಿಸಲವೂ ನಾಲ್ಕನೇ ನಿಮಿಷಕ್ಕೆ ಎದ್ದು ಓಡಿಹೋಗುತ್ತಿದ್ದೆ.

ಹೋಂವರ್ಕ್ ಇದೆ ಎಂದಾಗ ಕಾಲೇಜಿನಿಂದ ಒಂದು ಪ್ರಾಕ್ಟಿಕಲ್ ರೆಕಾರ್ಡ್ ತಂದೆ. ಎಡಕ್ಕೆ ಗೆರೆಯಿಲ್ಲದ ಹಾಳೆ, ಬಲಕ್ಕೆ ಗೆರೆಯ ಹಾಳೆ. ಉದ್ದೇಶ, ನನ್ನ ಊಹೆ, ನಡೆದದ್ದು, ಭಯ ನೂರಕ್ಕೆ ಎಷ್ಟು. ಮೊದಲ ಎರಡು ವಾರ ಇಂಗ್ಲಿಷಿನಲ್ಲಿ ಬರೆದೆ, ಅಂದವಾಗಿ, ಇಲಾಖೆಗೆ ಪತ್ರ ಬರೆದಂತೆ. ಮೇಡಂ ಓದಿಸಿ ಕೇಳಿ, ‘ಆ ಹೊತ್ತಲ್ಲಿ ನಿಮ್ಮ ತಲೆ ಇಂಗ್ಲಿಷ್ ಮಾತಾಡುತ್ತಾ?’ ಅಂದರು. ಆ ವಾರ ಕನ್ನಡದಲ್ಲಿ ಬರೆದೆ: ‘ಅಯ್ಯೋ ಹೋದೆ ಕಣೇ, ಮಗು ಒಂಟಿಯಾಗೋಯ್ತು.’ ಕೈ ನಡುಗಿ ಅಕ್ಷರ ವಕ್ರವಾಯಿತು. ಇಂಗ್ಲಿಷಿನ ಒಂದೇ ಪದದ ಕೆಳಗೆ ಮುಚ್ಚಿಹೋಗಿದ್ದವು ಬೇರೆಬೇರೆಯಾಗಿ ಕಂಡವು. ಬಸ್ಸು ನಿಂತಾಗ ಆಗುವುದು ದಿಗಿಲು. ಹಿಂದಿನ ರಾತ್ರಿ ಆಗುವುದು ಕಳವಳ. ಮಗಳ ಫೋನ್ ಬಂದಾಗ ಆಗುವುದು ಇವೆರಡೂ ಅಲ್ಲ, ನಾಚಿಕೆ. ಒಂದೊಂದರ ಮದ್ದೂ ಬೇರೆ. ನಾಚಿಕೆಯದ್ದಕ್ಕೆ ಆ ಸಂಜೆಯೇ ಫೋನ್ ಮಾಡಿ ನಿಜ ಹೇಳಿಬಿಟ್ಟೆ. ಮಗಳು, ‘ಗೊತ್ತಿತ್ತಮ್ಮ’ ಅಂದಳು.

ನಾಲ್ಕನೇ ವಾರದಿಂದ ನಿಜವಾದ ಪ್ರಯೋಗಗಳು. ಹೆದರಿಸುವ ಲಕ್ಷಣಗಳನ್ನು ಬೇಕೆಂದೇ ತರಿಸಿಕೊಳ್ಳಬೇಕು. ಒಂದು ನಿಮಿಷ ನಿಂತಲ್ಲೇ ಓಡುವುದು, ಕುರ್ಚಿಯಲ್ಲಿ ಗಿರಗಿರ ತಿರುಗುವುದು, ಮೂಗು ಮುಚ್ಚಿ ಎಳನೀರಿನ ಸ್ಟ್ರಾದಲ್ಲಿ ಉಸಿರಾಡುವುದು. (ಹೃದಯದ ಪರೀಕ್ಷೆಗಳೆಲ್ಲ ಸರಿಯಿದ್ದದ್ದು ಖಚಿತವಾದ ಮೇಲೇ ಇದನ್ನು ಮಾಡಿಸಿದರು, ನೀವಾಗಿ ಶುರು ಹಚ್ಚಿಕೊಳ್ಳಬೇಡಿ.) ಬಾಗಿಲು ತೆರೆದ ಅತ್ತೆ, ಮೂಗು ಹಿಡಿದು ಸ್ಟ್ರಾ ಕಚ್ಚಿ ನಿಂತ ಸೊಸೆಯನ್ನು ನೋಡಿ ಮಾತಿಲ್ಲದೆ ಬಾಗಿಲು ಹಾಕಿಕೊಂಡು ಹೋದರು. ಸಂಜೆ ನಿವಾಳಿಸಲು ಇನ್ನೂ ಹೆಚ್ಚು ಮೆಣಸಿನಕಾಯಿ ಬೇಕಾಯಿತು.

ನಾನು ಜಗಳವಾಡಿದ್ದು ಪ್ರಾಣಾಯಾಮದ ವಿಷಯಕ್ಕೆ. ಬಸ್ಸಿನಲ್ಲಿ ಎದೆ ಹೊಡೆದುಕೊಂಡರೆ ತಕ್ಷಣ ಕಣ್ಣು ಮುಚ್ಚಿ ಅನುಲೋಮ ವಿಲೋಮ ಮಾಡುತ್ತಿದ್ದೆ. ನೀರಿನ ಬಾಟಲಿ, ಪೆಪ್ಪರ್‌ಮೆಂಟಿನಂಥ ಬಿಡಬೇಕಾದ ಆಸರೆಗಳ ಪಟ್ಟಿಗೆ ಮೇಡಂ ಅದನ್ನೂ ಸೇರಿಸಿದರು. ‘ಬೆಳಿಗ್ಗೆ ಮನೆಯಲ್ಲಿ ಖಂಡಿತ ಮಾಡಿ. ಬಸ್ಸಲ್ಲಿ ಬೇಡ. ಅಲ್ಲಿ ಅದನ್ನ ಮಾಡಿದಾಗಲೆಲ್ಲ, ಇವತ್ತು ಇದರಿಂದ ಬದುಕಿದೆ ಅಂತ ನಿಮ್ಮ ತಲೆ ಬರೆದುಕೊಳ್ಳುತ್ತೆ.’ ಒಂದು ವಾರ ಸಿಟ್ಟಿತ್ತು. ಈಗ ಯೋಚಿಸಿದರೆ, ಇಡೀ ಚಿಕಿತ್ಸೆಯಲ್ಲಿ ನನಗೆ ಅತಿ ಹೆಚ್ಚು ಕೆಲಸ ಮಾಡಿದ ಮಾತು ಅದೇ.

ಭಯವನ್ನು ಒಂದೊಂದಾಗಿ ಎದುರಿಸುವ ಮೆಟ್ಟಿಲುಗಳ ಪಟ್ಟಿ ಇಬ್ಬರೂ ಕೂತು ಮಾಡಿದ್ದು. ಹಾಸನದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಸುಮ್ಮನೆ ಕೂರುವುದು, ಆಮೇಲೆ ಆಲೂರಿನ ತನಕ, ಆಮೇಲೆ ಸಕಲೇಶಪುರ, ಕೊನೆಗೆ ಘಾಟಿ ಇಳಿದು ಗುಂಡ್ಯ, ಮಂಗಳೂರು. ಒಂದೊಂದನ್ನೂ ಬೇಜಾರಾಗುವಷ್ಟು ಸಲ ಮಾಡಬೇಕು. ಆಲೂರಿಗೆ ಏಳು ಸಲ ಹೋದೆ. ಆಲೂರಿನಲ್ಲಿ ನನಗೆ ಯಾವ ಕೆಲಸವೂ ಇಲ್ಲ. ಟೀ ಕುಡಿದು ವಾಪಸ್. ಕಂಡಕ್ಟರು, ‘ಜಮೀನು ಏನಾದ್ರೂ ನೋಡ್ತಿದ್ದೀರಾ ಮೇಡಂ’ ಅಂತ ವಿಚಾರಿಸಿದ.

ಒಂಬತ್ತನೇ ವಾರ ಎಲ್ಲ ಕುಸಿಯಿತು. ಸಕಲೇಶಪುರದ ಬಸ್ಸಿನಿಂದ ಬಾಳ್ಳುಪೇಟೆಯಲ್ಲಿ ಇಳಿದು, ಅಂಗಡಿ ಜಗಲಿಯಲ್ಲಿ ಕೂತು ಅತ್ತುಬಿಟ್ಟೆ. ಯಜಮಾನರು ಕಾರು ತಂದು ಕರೆದುಕೊಂಡು ಹೋದರು. ಆ ರಾತ್ರಿ ಎರಡು ಗಂಟೆಗೆ ನಿದ್ದೆಯಿಲ್ಲದೆ 14416ಕ್ಕೆ ಫೋನ್ ಮಾಡಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಟೆಲಿ ಮಾನಸ್. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಅದು ಥೆರಪಿಯ ಬದಲಿಗೆ ಬರುವುದಲ್ಲ, ಆದರೆ ಆ ರಾತ್ರಿ ದಾಟಲು ಸಾಕಾಯಿತು. ವಾರದ ಭೇಟಿಯಲ್ಲಿ ಮೇಡಂ ‘ಒಳ್ಳೆಯ ರೀಡಿಂಗ್ ಸಿಕ್ಕಿತು’ ಅಂದದ್ದಕ್ಕೆ ರೇಗಿ, ‘ನೀವು ಚಿಕ್ಕವರು, ನಿಮಗೆ ಗೊತ್ತಾಗಲ್ಲ’ ಅಂದುಬಿಟ್ಟೆ. ಅವರು ಮುಖ ಸಪ್ಪೆ ಮಾಡಿಕೊಳ್ಳಲಿಲ್ಲ. ‘ಹಾಗಂದದ್ದು ಬೇಜಾರಾಯಿತು ಅಲ್ವಾ? ಇನ್ನೇನು ಅನ್ನಬೇಕಿತ್ತು ನಾನು?’ ಎಂದು ಕೇಳಿದರು. ದೊಡ್ಡವರ ಮುಂದೆ, ಡಾಕ್ಟರ ಮುಂದೆ ಬೇಜಾರು ನುಂಗಿಕೊಂಡೇ ಬೆಳೆದವಳು ನಾನು. ಅಂದು 50 ನಿಮಿಷವೂ ಅದೇ ಮಾತಾಯಿತು, ಬಸ್ಸಿನ ಸುದ್ದಿಯೇ ಬರಲಿಲ್ಲ. ಮರುದಿನ ಮತ್ತೆ ಬಾಳ್ಳುಪೇಟೆ ದಾಟಿದೆ.

ಹದಿನಾಲ್ಕನೇ ವಾರ ಅದೇ ಏಳು ಪ್ರಶ್ನೆಗಳಿಗೆ 6 ಬಂತು. ಸೊನ್ನೆ ಯಾವಾಗ ಬರುತ್ತದೆ ಎಂದು ಕೇಳಿದೆ. ‘ನನಗೇ ಸೊನ್ನೆ ಇಲ್ಲ’ ಅಂದರು. ಮಂಗಳೂರಿಗೆ ಟಿಕೆಟ್ ಮಾಡಿಸಿದ್ದೇನೆ, ಜಾಮ್ ಆಗದಿದ್ದರೆ ಸಾಕು ಅಂದೆ. ‘ಆಗಲಿ ಅಂತ ಹಾರೈಸಿ’ ಅಂದರು.

ಹಾರೈಕೆ ಫಲಿಸಿತು. ಮಾರನಹಳ್ಳಿ ದಾಟಿದ ಮೇಲೆ ಬಸ್ಸು ನಿಂತಿತು. ಮಳೆ. ರೆಕಾರ್ಡ್ ತೆಗೆದು ಊಹೆಯ ಜಾಗದಲ್ಲಿ ಬರೆದೆ: ‘ಕಿರುಚಿಕೊಂಡು ಬಾಗಿಲಿಗೆ ಓಡುತ್ತೇನೆ.’ ಭಯ 85. ಬಾಟಲಿ ಮನೆಯಲ್ಲೇ ಇತ್ತು. ಎದೆ ತನ್ನ ಪಾಡಿಗೆ ಡವಡವ ಅನ್ನುತ್ತಿತ್ತು, ಕಿಟಕಿ ಗಾಜಿನ ಮೇಲೆ ನೀರು ಇಳಿಯುವುದನ್ನು ನೋಡುತ್ತಾ ಕೂತೆ. ಪಕ್ಕದ ಅಜ್ಜಿ ಪುನರ್ಪುಳಿ ಸಿಪ್ಪೆಯ ಪೊಟ್ಟಣ ಬಿಚ್ಚಿ, ‘ವಾಂತಿ ಬರ್ತದಾ? ಇದನ್ನ ಬಾಯಲ್ಲಿಟ್ಕೊಳ್ಳಿ’ ಅಂದರು. ಪೆಪ್ಪರ್‌ಮೆಂಟಿನ ಪಟ್ಟಿಗೆ ಇದೂ ಸೇರುತ್ತದೋ ಏನೋ ಎಂದು ಅನುಮಾನಿಸಿ, ಆದರೂ ಇಸಕೊಂಡೆ. ಎಂಟು ನಿಮಿಷಕ್ಕೆ 85, ಇಪ್ಪತ್ತಕ್ಕೆ 60, ಆಮೇಲೆ ಅಜ್ಜಿ ತಮ್ಮ ಮೊಮ್ಮಗಳ ಮದುವೆಯ ಕಥೆ ಶುರು ಮಾಡಿದ್ದರಿಂದ ಬರೆಯಲಾಗಲಿಲ್ಲ.

ಮಂಗಳೂರು ತಲುಪಿದಾಗ ಎರಡು ಗಂಟೆ ತಡ. ಮಗಳು ಕೊಡೆ ಹಿಡಿದು ನಿಂತಿದ್ದಳು.

‘ಯಾಕಮ್ಮ ಇಷ್ಟು ಲೇಟು?’

‘ಘಾಟಿಯಲ್ಲಿ ಲಾರಿ ಕೆಟ್ಟಿತ್ತು ಕಣೇ’ ಅಂದೆ.