ಹೊಸ ಮಕ್ಕಳು ಬಂದರು

ಸೋಮವಾರ. ಹತ್ತು ಗಂಟೆಯ ಬಸ್ಸು ಬಂತು. ನಾಲ್ಕು ಜನ ಇಳಿದರು. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಹೆಗಲಿಗೆ ಚೀಲ. ಕೈಯಲ್ಲಿ ನೋಟು ಪುಸ್ತಕ.

ಇವರು ಕಾಲೇಜಿನಲ್ಲಿ ಸಮಾಜ ಕಾರ್ಯ ಓದುವವರು. ಈ ಓದಿಗೆ ಎಂ.ಎಸ್.ಡಬ್ಲ್ಯೂ. ಎನ್ನುತ್ತಾರೆ. ಬರೀ ಪುಸ್ತಕ ಓದಿದರೆ ಇದು ಮುಗಿಯುವುದಿಲ್ಲ. ವಾರಕ್ಕೆ ಎರಡು ದಿನ ಜನರ ನಡುವೆ ಕೆಲಸ ಕಲಿಯಬೇಕು. ಇದಕ್ಕೆ ಕ್ಷೇತ್ರ ಕಾರ್ಯ ಎಂದು ಹೆಸರು. ನಮ್ಮ ದೇಶದಲ್ಲಿ ಇಂಥ ಮೊದಲ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಮಂಗಳೂರಿನಲ್ಲಿ ರೋಶನಿ ನಿಲಯ 1960ರಲ್ಲಿ ಶುರುವಾಯಿತು. ಈಗ ಎಷ್ಟೋ ಊರುಗಳ ಕಾಲೇಜಿನಲ್ಲಿ ಈ ಓದು ಇದೆ.

ನಮ್ಮೂರಿನ ಸೇವಾ ಸಂಸ್ಥೆಗೂ ಪ್ರತಿ ವರ್ಷ ಇಂಥ ಮಕ್ಕಳು ಬರುತ್ತಾರೆ. ಸಂಸ್ಥೆಯ ಅಕ್ಕ ಅವರನ್ನು ಕರೆದುಕೊಂಡು ಕಲಿಕಾ ಕೇಂದ್ರಕ್ಕೆ ಬಂದಳು. ಸಂಘದ ಹೆಂಗಸರು ಚಾಪೆ ಹಾಸಿದರು. ಬೆಲ್ಲ ಕೊಟ್ಟರು, ನೀರು ಕೊಟ್ಟರು.

ದೊಡ್ಡಮ್ಮ ಮಾತ್ರ ಮೂಲೆಯಲ್ಲಿ ಕೂತಿದ್ದಳು. ಮುಖ ಗಂಟು ಹಾಕಿದ್ದಳು.

"ಬನ್ನಿ ಮಕ್ಕಳಾ, ಕೂತ್ಕೊಳ್ಳಿ. ವರ್ಷಾ ವರ್ಷಾ ಬರ್ತೀರಿ. ಬರ್ಕೊಂಡು ಹೋಗ್ತೀರಿ. ಹೋದವರು ತಿರುಗಿ ನೋಡಲ್ಲ" ಅಂದಳು.

ಎಲ್ಲರೂ ಸುಮ್ಮನಾದರು. ಮನೆಗೆ ಬಂದವರಿಗೆ ಹೀಗೆ ಅನ್ನಬಾರದು, ನಿಜ. ಆದರೆ ದೊಡ್ಡಮ್ಮನ ಮಾತೂ ಸುಳ್ಳಲ್ಲ.

ಹೋದ ವರ್ಷ ಒಬ್ಬಳು ಹುಡುಗಿ ಬಂದಿದ್ದಳು. "ನಿಮ್ಮ ವಿಧವಾ ವೇತನ ನಾನು ಮಾಡಿಸಿಕೊಡ್ತೀನಿ" ಅಂದಿದ್ದಳು. ಆಧಾರ್, ಬ್ಯಾಂಕಿನ ಪುಸ್ತಕ ಎಲ್ಲ ನೋಡಿ ಬರೆದುಕೊಂಡಳು. ಪರೀಕ್ಷೆ ಬಂತು. ಹುಡುಗಿ ಹೋದಳು. ದೊಡ್ಡಮ್ಮ ಕಾದದ್ದೇ ಬಂತು.

ಅಕ್ಕ ಹೇಳಿದಳು: "ಆ ಹುಡುಗಿಗೆ ಮನಸ್ಸು ಒಳ್ಳೆಯದೇ. ಆದರೆ ಒಂದು ಕಾಗದ ಇಲ್ಲ ಅಂತ ಅವಳಿಗೆ ಗೊತ್ತಾಗಲಿಲ್ಲ."

ಯಾವ ಕಾಗದ? ದೊಡ್ಡಪ್ಪನ ಮರಣ ಪತ್ರ. ದೊಡ್ಡಪ್ಪ ಮನೆಯಲ್ಲೇ ಸತ್ತ. ದುಃಖದಲ್ಲಿ ಯಾರೂ ಬರೆಸಲಿಲ್ಲ. ಸಾವನ್ನು 21 ದಿನದೊಳಗೆ ಬರೆಸಬೇಕು. ಆಗ ಶುಲ್ಕ ಇಲ್ಲ. ತಡವಾದರೆ ಶುಲ್ಕ ಕಟ್ಟಬೇಕು. ಒಂದು ವರ್ಷ ದಾಟಿದರೆ ಮೇಲಿನ ಅಧಿಕಾರಿಯ ಆದೇಶವೇ ಬೇಕು. ದೊಡ್ಡಪ್ಪ ಹೋಗಿ ಮೂರು ವರ್ಷ ಆಯಿತು. ಮರಣ ಪತ್ರ ಇಲ್ಲದೆ ವಿಧವಾ ವೇತನದ ಅರ್ಜಿ ಮುಂದೆ ಹೋಗುವುದಿಲ್ಲ.

ಅಕ್ಕ ಹೊಸ ಮಕ್ಕಳ ಕಡೆ ತಿರುಗಿದಳು. "ನೋಡಿ, ಮಾಡಿಸಿಕೊಡ್ತೀನಿ ಅಂತ ಯಾರಿಗೂ ಮಾತು ಕೊಡಬೇಡಿ. ಕೇಳಿ ಬರ್ತೀನಿ ಅನ್ನಿ. ಕೇಳಿದ್ದನ್ನು ಬಂದು ಹೇಳಿ. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಬಾರದು. ಕೇಳದೆ ಫೋಟೋ ತೆಗೆಯಬೇಡಿ. ಊರು ಬಿಡುವ ದಿನ ಯಾವುದು ಅಂತ ಮೊದಲೇ ತಿಳಿಸಿ. ನಿಮ್ಮ ಅರ್ಧ ಕೆಲಸ ಯಾರ ಕೈಗೆ ಕೊಟ್ಟಿರಿ, ಅದನ್ನೂ ಹೇಳಿ ಹೋಗಿ."

"ನಂದೂ ಒಂದು ಮಾತು ಐತೆ" ಅಂದಳು ದೊಡ್ಡಮ್ಮ. "ನನ್ನ ಮೇಲೆ ಏನು ಬರೀತೀರೋ ಅದನ್ನ ನನಗೆ ತೋರಿಸಬೇಕು."

ಒಬ್ಬ ಹುಡುಗಿ ಪುಸ್ತಕ ತೋರಿಸಿದಳು. ಎಲ್ಲ ಇಂಗ್ಲಿಷು!

"ಇದು ಬೇಡ ಕಣವ್ವಾ. ನಮ್ಮ ಅಕ್ಷರದಲ್ಲಿ ಬರಿ."

ಹುಡುಗಿ ಕನ್ನಡದಲ್ಲಿ ಎರಡು ಸಾಲು ಬರೆದಳು. ದೊಡ್ಡಮ್ಮ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳಿಟ್ಟು ಓದಿದಳು. "ಬಡ ವಿಧವೆ. ವಯಸ್ಸು 52. ಅ... ನ... ಕ್ಷ... ರ..." ಒತ್ತಕ್ಷರ ಬಂತು. ನಿಂತಳು. ಮತ್ತೆ ಓದಿದಳು. "ಅನಕ್ಷರಸ್ಥೆ."

ದೊಡ್ಡಮ್ಮ ತಲೆ ಎತ್ತಿದಳು.

"ಹಂಗಾದ್ರೆ ಇದನ್ನ ಈಗ ಓದಿದ್ದು ಯಾರು?"

ಕೇಂದ್ರದಲ್ಲಿ ನಗುವೋ ನಗು. ಹುಡುಗಿ ನಾಚಿಕೊಂಡಳು. ಪೆನ್ನು ತೆಗೆದು ಆ ಪದ ಹೊಡೆದು ಹಾಕಿದಳು. "ತಪ್ಪಾಯ್ತು ದೊಡ್ಡಮ್ಮಾ" ಅಂದಳು. ಆಮೇಲೆ, "ಆದೇಶಕ್ಕೆ ಯಾವ ಕಚೇರಿಗೆ ಅರ್ಜಿ ಕೊಡಬೇಕು ಅಂತ ಗುರುವಾರ ನಾಡಕಚೇರಿಯಲ್ಲಿ ಕೇಳ್ತೀನಿ" ಅಂದಳು.

"ಕೇಳ್ತೀನಿ ಅನ್ನಬೇಡ. ನಾನೂ ಬರ್ತೀನಿ, ಇಬ್ಬರೂ ಹೋಗಿ ಕೇಳೋಣ. ರುಜು ನಾನೇ ಹಾಕ್ತೀನಿ."

ದೊಡ್ಡಮ್ಮ ಇನ್ನೊಂದು ಚೂರು ಬೆಲ್ಲ ಹುಡುಗಿಯ ಕೈಗಿಟ್ಟಳು.

ಮಾತಾಡಿ, ಬರೆಯಿರಿ:
ನಿಮ್ಮ ಮನೆಗೆ ಬಂದು ಯಾರಾದರೂ ಬರೆದುಕೊಂಡು ಹೋಗಿದ್ದಾರೆಯೇ? ಏನು ಬರೆದರು? ನೀವು ಓದಿದಿರಾ?