ಗ್ರೀಕರ ಕರಿಮೆರುಗಿನ ಬಟ್ಟಲು

ಪ್ರಾಚೀನ ಗ್ರೀಸಿನ ಮಣ್ಣಿನ ಪಾತ್ರೆಗಳೆಂದೊಡನೆ ದೇವತೆಗಳ, ವೀರರ ಚಿತ್ರಗಳುಳ್ಳ ಹೂಜಿಗಳು ನೆನಪಾಗುವುದು ಸಹಜ. ಆದರೆ ಅಥೆನ್ಸಿನ ಪೇಟೆಚೌಕವಾದ ಅಗೋರಾದಲ್ಲಿ 1931ರಿಂದ ನಡೆದ ಉತ್ಖನನಗಳಲ್ಲಿ, ಹಳೆಯ ಬಾವಿಗಳಿಂದ ರಾಶಿರಾಶಿಯಾಗಿ ಮೇಲೆ ಬಂದವು ಚಿತ್ರವಿಲ್ಲದ, ಕಪ್ಪಗೆ ಮಿರುಗುವ ಬಟ್ಟಲು ತಟ್ಟೆಗಳು. ಗೃಹಸ್ಥನ ನಿತ್ಯದ ಪಾತ್ರೆಗಳು ಇವೇ. ಇಂದು ಕೆಲವು ಕುಶಲ ಕುಂಬಾರರು ಇವನ್ನು ಹಳೆಯ ಕ್ರಮದಲ್ಲಿಯೇ ಮಾಡಿ ಮತ್ತೆ ಊಟದ ಮೇಜಿಗೆ ತಂದಿದ್ದಾರೆ.

ಈ ಕಪ್ಪನ್ನು ಮರಳಿ ಪಡೆಯುವುದು ಸುಲಭವಾಗಲಿಲ್ಲ. 1769ರಲ್ಲಿ ಇಂಗ್ಲೆಂಡಿನ ವೆಜ್‌ವುಡ್ ಎಂಬ ಪ್ರಸಿದ್ಧ ಕುಂಬಾರನು ಕಪ್ಪು ಮಣ್ಣಿನ ಪಾತ್ರೆಯ ಮೇಲೆ ಕೆಂಪು ಬಣ್ಣ ಬಳಿದು ಗ್ರೀಕ್ ಹೂಜಿಗಳನ್ನು ಅನುಕರಿಸಿದನು. ಚೆಲುವೇನೋ ಬಂದಿತು, ಆದರೆ ಕ್ರಮ ತಲೆಕೆಳಗಾಗಿತ್ತು. ಗ್ರೀಕರದು ಕೆಂಪು ಮಣ್ಣು, ಅದರ ಮೇಲೆ ಕಪ್ಪು ಲೇಪ. ಆ ಲೇಪವಾದರೂ ಬಣ್ಣವಲ್ಲ, ಮಣ್ಣೇ ಎಂಬುದನ್ನು ಜರ್ಮನಿಯ ಥಿಯೊಡೋರ್ ಶೂಮನ್ 1942ರಲ್ಲಿ ತೋರಿಸಿಕೊಟ್ಟನು.

ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ತುಸು ಕ್ಷಾರವನ್ನು ಬೆರೆಸಿ, ಅಲುಗಿಸದೆ ಇಟ್ಟರೆ ದಪ್ಪ ಕಣಗಳು ತಳಕ್ಕಿಳಿಯುತ್ತವೆ. ಮೇಲೆ ತೇಲಾಡುತ್ತ ಉಳಿಯುವ ಕಣಗಳು ಬಹುಮಟ್ಟಿಗೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಚಿಕ್ಕವು. ಈ ಮೇಲ್ನೀರನ್ನು ಬಸಿದು ಗಟ್ಟಿಗೊಳಿಸಿದರೆ ಲೇಪ ಸಿದ್ಧ.

ಉಳಿದುದೆಲ್ಲ ಬೆಂಕಿಯ ಕೆಲಸ. ಆವಿಗೆಗೆ ಗಾಳಿಯಾಡಲು ಬಿಟ್ಟು ಸುಮಾರು 800 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದಾಗ ಪಾತ್ರೆಯೂ ಲೇಪವೂ ಕೆಂಪಾಗುತ್ತವೆ. ಅನಂತರ ಗಾಳಿಗಂಡಿಗಳನ್ನು ಮುಚ್ಚಿ, ಹಸಿ ಸೌದೆಯನ್ನು ಒಡ್ಡಿ, ಶಾಖವನ್ನು 900 ಡಿಗ್ರಿ ದಾಟಿಸುತ್ತಾರೆ. ಆಗ ಹುಟ್ಟುವ ಇಂಗಾಲದ ಮಾನಾಕ್ಸೈಡು ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ ಆಮ್ಲಜನಕವನ್ನು ಕಸಿಯುತ್ತದೆ, ಎಲ್ಲವೂ ಕಪ್ಪು! ಇದೇ ವೇಳೆಗೆ ಲೇಪದ ನವುರಾದ ಕಣಗಳು ಬೆಸೆದು ಗಾಜಿನಂತಾಗುತ್ತವೆ. ಕೊನೆಗೆ ಗಂಡಿಗಳನ್ನು ತೆರೆದಾಗ ಒಳನುಗ್ಗಿದ ಆಮ್ಲಜನಕವು ರಂಧ್ರಮಯವಾದ ಮೈಯನ್ನು ಮತ್ತೆ ಕೆಂಪಾಗಿಸುತ್ತದೆ. ಗಾಜಿನೊಳಗೆ ಸೆರೆಯಾದ ಕಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ. ನಮ್ಮಲ್ಲಿ ಹೊಗೆಯೂಡಿ ಕಪ್ಪಾಗಿಸುವ ಮಡಿಕೆಗಳಿಗೂ ಇದಕ್ಕೂ ಇರುವ ಭೇದವನ್ನು ವಾಚಕರು ಗಮನಿಸಬೇಕು: ಅಲ್ಲಿನ ಕಪ್ಪು ಇಂಗಾಲದ್ದು, ಇಲ್ಲಿಯದು ಕಬ್ಬಿಣದ್ದು.

ಮೂರನೆಯ ಘಟ್ಟವೇ ಗಂಡಾಂತರದ್ದು. ಲೇಪವು ಬೆಸೆಯುವ ಮೊದಲೇ ಗಾಳಿ ಬಿಟ್ಟರೆ ಅದೂ ಕೆಂಪಿಗೆ ತಿರುಗುವುದು. ಶಾಖ ಮಿತಿಮೀರಿದ್ದರೆ ಮೈಯೂ ಬೆಸೆದು ಕಪ್ಪಾಗಿಯೇ ನಿಲ್ಲುವುದು. ಆವಿಗೆಯ ತುಂಬ ಇಟ್ಟ ಪಾತ್ರೆಗಳ ಹಣೆಬರಹ ಕೆಲವು ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ.

ಸುಟ್ಟ ಮೇಲೆ ಬಣ್ಣ ಬಳಿದ ಅಲಂಕಾರದ ನಕಲುಗಳನ್ನು ಊಟಕ್ಕೆ ಬಳಸಲಾಗದು. ನಿಜವಾದ ಕರಿಮೆರುಗಿಗಾದರೋ ಸೀಸವನ್ನು ಬೆರೆಸಬೇಕಾಗಿಯೇ ಇಲ್ಲ. ಹುಳಿ ಪದಾರ್ಥಕ್ಕೆ ಸೀಸ ಬಿಡುವ ಭಯವೂ ಇಲ್ಲ. ಆದರೆ ಒಳಮೈ ಪಿಂಗಾಣಿಯಷ್ಟು ಗಟ್ಟಿಯಲ್ಲ. ಅಂಚು ತಾಗಿದರೆ ಚಕ್ಕೆ ಏಳುತ್ತದೆ. ಒಲೆಯ ಮೇಲಿಡುವ ಪಾತ್ರೆಯಂತೂ ಇದಲ್ಲ.

ಪುರಾತನ ಬಟ್ಟಲುಗಳಲ್ಲಿ ಕೆಲವಕ್ಕೆ ಒಳಗೆ ನಡುವೆ ಕೆಂಪು ವೃತ್ತವೊಂದಿರುತ್ತದೆ. ಒಂದರೊಳಗೊಂದು ಪೇರಿಸಿ ಸುಟ್ಟಾಗ, ಮೇಲಿನ ಬಟ್ಟಲಿನ ಅಡಿ ಮುಚ್ಚಿದ್ದ ಜಾಗವದು. ಇನ್ನು ಕೆಲವುಗಳ ಅಡಿಯ ಸುತ್ತ, ಲೇಪದಲ್ಲಿ ಅದ್ದುವಾಗ ಕುಂಬಾರನು ಹಿಡಿದಿದ್ದ ಬೆರಳುಗಳ ಗುರುತು ಕಾಣುತ್ತದೆ.